ಕುರುಗೋಡು ಗುಡ್ಡದ ಕಂಬಳಿಗಳು

ನನ್ನೇಸಾಬನಿಗೆ ಸಿಟ್ಟು ಬರಲು ಕಾರಣ ಬೇಕಾಗುತ್ತಿರಲಿಲ್ಲ. ಚಹಾ ಬಿಸಿಯಿದ್ದರೂ ಬರುತ್ತಿತ್ತು, ಆರಿದ್ದರೂ ಬರುತ್ತಿತ್ತು. ಆ ಚಳಿಗಾಲದ ಬೆಳಗ್ಗೆ ಮಾತ್ರ ಕಾರಣವೂ ಇತ್ತು. ಕುರುಗೋಡಿನ ಗುಡ್ಡದ ನಡುಮಟ್ಟದಲ್ಲಿ, ಬಂಡೆಗಳ ಸಂದಿನಿಂದ ಹೊಗೆ ಏಳುತ್ತಿತ್ತು.

ಆ ಗುಡ್ಡಕ್ಕೆ ಅವನೇ ಫಾರೆಸ್ಟ್ ಗಾರ್ಡು. ಬಾಯಲ್ಲಿದ್ದ ಬೇವಿನ ಕಡ್ಡಿಯನ್ನು ಉಗುಳಿ, ಲುಂಗಿಯ ಮೇಲೆಯೇ ಖಾಕಿ ಕೋಟು ಏರಿಸಿಕೊಂಡು, ಕೈಗೆ ಸಿಕ್ಕಿದ ಒಂದೇ ಚಪ್ಪಲಿ ಮೆಟ್ಟಿ ಗುಡ್ಡ ಹತ್ತತೊಡಗಿದ. ದಾರಿಯುದ್ದಕ್ಕೂ ಬೈದ. ಬೆಂಕಿ ಹಚ್ಚಿದವರನ್ನು ಬೈದ, ಅವರನ್ನು ಹೆತ್ತವರನ್ನು ಬೈದ, ಸಿಗದೆ ಹೋದ ಇನ್ನೊಂದು ಚಪ್ಪಲಿಯನ್ನೂ ಬೈದ.

ಅವನ ಸಂಕಟ ಹುಲ್ಲಿನದಾಗಿರಲಿಲ್ಲ, ಸಿರುಗುಪ್ಪದ್ದಾಗಿತ್ತು. ಯುದ್ಧದ ಕಾಲದಲ್ಲಿ ಕುರುಗೋಡಿಗೆ ಬಂದವನು ಅವನು. ಯುದ್ಧ ಮುಗಿಯಿತು, ಬಿಳಿಯರು ಹೋದರು, ಬಳ್ಳಾರಿಯ ಕಚೇರಿಗಳ ಮೇಲಿನ ಬಾವುಟ ಬದಲಾಯಿತು. ನನ್ನೇಸಾಬ ಮಾತ್ರ ಕಲ್ಲುಗುಡ್ಡದ ಬುಡದಲ್ಲಿ ಇದ್ದಲ್ಲೇ ಇದ್ದ. ಹೆಂಡತಿ ಸುಗ್ರಾಬಿ ಸಿರುಗುಪ್ಪ ಬಿಟ್ಟು ಕದಲಲಿಲ್ಲ. ಅಲ್ಲಿ ತುಂಗಭದ್ರೆ ಇತ್ತು, ಗದ್ದೆಯ ಅಕ್ಕಿ ಇತ್ತು, ಹೊಳೆಯ ಮೀನು ಮನೆಯ ಬಾಗಿಲಿಗೇ ಬರುತ್ತಿತ್ತು. "ಕಲ್ಲು ಕಾಯಾಕ ನೀವು ಹೋಗೀರಿ. ಕಲ್ಲು ಬೇಯಸಾಕ ನಾ ಯಾಕ ಬರಲಿ?" ಎಂದು ಅವಳು ಒಂದೇ ಮಾತಿಗೆ ಮುಗಿಸಿಬಿಟ್ಟಿದ್ದಳು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ, ಮೀನು ತಿಂದು, ಮರುದಿನ ಮುಖ ಊದಿಸಿಕೊಂಡು ವಾಪಸು ಬರುವುದು ಅವನ ಸಂಸಾರ.

ದೀಪಾವಳಿ ಕಳೆದ ಮೇಲೆ ಬಳ್ಳಾರಿಯ ಕಚೇರಿಯಲ್ಲಿ ರೇಂಜರ್ ವೆಂಕೋಬರಾಯರು ಗಾರ್ಡುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದು ಮಾತು ಹೇಳಿದ್ದರು. ಮುಂಗಾರು ಬೀಳುವ ತನಕ ಯಾರ ಗುಡ್ಡದಲ್ಲಿ ಒಂದು ಕಿಡಿಯೂ ಕಾಣುವುದಿಲ್ಲವೋ ಅವರಿಗೆ ಕೇಳಿದ ಊರಿಗೆ ವರ್ಗ. ಸಿರುಗುಪ್ಪದ ಗಾರ್ಡು ಆ ಬೇಸಿಗೆಗೇ ಪಿಂಚಣಿಗೆ ಹೋಗುವವನಿದ್ದ. ನನ್ನೇಸಾಬನಿಗೆ ಅಲ್ಲಿ ನಿಂತಲ್ಲೇ ಮೀನಿನ ವಾಸನೆ ಬಂದಿತ್ತು.

ಈಗ ನೋಡಿದರೆ ಹೊಗೆ.

ಏದುಸಿರು ಬಿಡುತ್ತ ಅವನು ಮೇಲೆ ಬಂದಾಗ ಅಲ್ಲಿ ಪಾರಮ್ಮ ಗುಂಡುಕಲ್ಲಿನ ಮೇಲೆ ಕುಳಿತು ಅಂಗೈ ಕಾಯಿಸಿಕೊಳ್ಳುತ್ತಿದ್ದಳು. ಗುಡ್ಡದ ಬುಡದ ಓಣಿಯಲ್ಲಿ ಅವಳ ಮನೆ. ಮನೆಯ ತುಂಬ ಕುರಿ, ಕುರಿಯ ಉಣ್ಣೆಯಿಂದ ಕಂಬಳಿ ನೇಯುವ ಮಗ್ಗ, ಆ ಮಗ್ಗದ ಸದ್ದನ್ನೂ ಮೀರಿಸುವ ಅವಳ ಬಾಯಿ.

"ಪಾರಕ್ಕ! ಯಾರು ಹಚ್ಚಿದ್ದು ಇದನ್ನ?"

"ನಾನ ಹಚ್ಚೀನಿ. ಮತ್ಯಾರು ಹಚ್ಚತಾರ, ಕುರಿ ಹಚ್ಚತಾವೇನು?"

"ಇದು ರಿಜರ್ವು ಅಡವಿ! ಸರಕಾರದ್ದು!"

"ಹೂಂ, ಸರಕಾರದ್ದು. ಸರಕಾರ ಹುಲ್ಲು ತಿಂತೈತೇನು? ಕೊಯ್ಯಂಗಿಲ್ಲ ಅಂದ್ರಿ, ಮೇಸಂಗಿಲ್ಲ ಅಂದ್ರಿ, ಸುಡಂಗಿಲ್ಲ ಅಂದ್ರಿ. ಕರಡದ ಹುಲ್ಲು ನೋಡು, ನನ್ನ ಸೊಂಟಕ್ಕ ಬಂದೈತಿ. ನಮ್ಮ ಅತ್ತಿ, ಅವರ ಅತ್ತಿ, ಎಲ್ಲಾರೂ ಈ ಇಬ್ಬನಿ ದಿನದಾಗ ತುಂಡು ತುಂಡು ಸುಡತಿದ್ರು. ಹಸಿ ನೆಲಕ್ಕ ಬೆಂಕಿ ಓಡಂಗಿಲ್ಲ. ಕಲ್ಲಿಗೆ ಬಡದು ತಾನ ಕುಂದರತೈತಿ. ನೋಡಲ್ಲಿ, ಆರೇ ಹೋತು."

ನಿಜಕ್ಕೂ ಆರಿಹೋಗಿತ್ತು. ಒಂದು ಒಕ್ಕಣೆಯ ಕಣದಷ್ಟು ನೆಲ ಕರ್ರಗಾಗಿ, ಬಂಡೆಗಳ ನಡುವೆ ಸಣ್ಣಗೆ ಹೊಗೆಯಾಡುತ್ತ ಮಲಗಿತ್ತು. ನನ್ನೇಸಾಬ ತಲೆಯ ಮೇಲೆ ಕೈಹೊತ್ತು ಕುಳಿತ.

"ಇವತ್ತ ಬರಾಕತ್ಯಾರ ಪಾರಕ್ಕ, ರೇಂಜರು! ಮಧ್ಯಾಹ್ನ ಜೀಪಿನಾಗ! ರಸ್ತಿಯಿಂದ ನೆಟ್ಟಗ ಕಾಣತೈತಿ ಈ ಕರಿ ಕಲಿ!"

"ಯಾಕ ಅಷ್ಟು ಬಾಯಿ ಮಾಡ್ತಿ? ಹುಲ್ಲು ಸುಟ್ಟರ ನಿನ್ನ ಹೊಟ್ಟಿ ಯಾಕ ಉರೀತೈತಿ?"

ಅವನು ಸಿರುಗುಪ್ಪದ ವಿಷಯ ಹೇಳಿದ. ಪಾರಮ್ಮ ಕೇಳಿಸಿಕೊಂಡಳು, ನಕ್ಕಳು, ಮತ್ತೆ ಯೋಚಿಸಿದಳು.

ಕಂಬಳಿ ನೇಯ್ದಾದ ಮೇಲೆ ಅದಕ್ಕೆ ಹುಣಸೆಬೀಜದ ಗಂಜಿ ಬಳಿದು, ಬಿರುಸಾಗುವ ತನಕ ಬಿಸಿಲಲ್ಲಿ ಹರವಬೇಕು. ಕುರುಗೋಡಿನ ಮಗ್ಗದವರು ತಲೆತಲಾಂತರದಿಂದ ಅದನ್ನು ಹರವುತ್ತಿದ್ದುದು ಇದೇ ಗುಡ್ಡದ ಇದೇ ಮಗ್ಗುಲಲ್ಲಿ.

"ದಿನಾ ರಸ್ತಿಗೆ ಹೋಗೋರು ಬರೋರು ಏನು ನೋಡ್ತಾರ ಇಲ್ಲಿ? ಕರಿ ಕಂಬಳಿ ನೋಡ್ತಾರ," ಎಂದಳು. "ಇವತ್ತು ಓಣಿಯ ಕಂಬಳಿ ಎಲ್ಲಾ ತಂದು ಇದರ ಸುತ್ತ ಹಾಸತೀವಿ. ನಿಮ್ಮ ಸಾಹೇಬಗ ದೂರದಿಂದ ಕಂಬಳಿ ಯಾವುದು, ಸುಟ್ಟ ನೆಲ ಯಾವುದು, ಏನು ತಿಳೀತೈತಿ?"

"ಹತ್ತಿ ನೋಡಿದ್ರ?"

"ಆ ಹೊಟ್ಟಿ ಹೊತ್ತುಕೊಂಡು ಹತ್ತತಾರೇನು?"

ಅದೂ ಸರಿಯೇ. ಗುಡ್ಡ ಹತ್ತುವುದು ಗಾರ್ಡಿನ ಕೆಲಸ, ಗುಡ್ಡ ನೋಡುವುದು ರೇಂಜರರ ಕೆಲಸ ಎಂದು ವೆಂಕೋಬರಾಯರು ನಂಬಿದ್ದರು.

"ಆದರ ಒಂದು ಮಾತು," ಪಾರಮ್ಮ ಎದ್ದು ಸೀರೆ ಕೊಡವಿದಳು. "ಇಲ್ಲಿ ಹಸಿ ಚಿಗುರು ಬಂದಮ್ಯಾಗ ನನ್ನ ಕುರಿ ಬರತಾವ. ಆವಾಗ ನೀ ಆ ಕಡಿ ಮಕ ಮಾಡಿಕೊಂಡು ನಿಂದರಬೇಕು."

ನನ್ನೇಸಾಬ ಹಲ್ಲು ಕಡಿದ. ಒಪ್ಪಿದ.

ಮಧ್ಯಾಹ್ನ ಜೀಪು ಬಂತು. ಯುದ್ಧದಲ್ಲಿ ಉಳಿದ ಜೀಪು. ಸದ್ದು ಮಾತ್ರ ಇನ್ನೂ ಯುದ್ಧದ್ದೇ. ವೆಂಕೋಬರಾಯರು ಇಳಿಯಲಿಲ್ಲ. ಸೀಟಿನಲ್ಲೇ ಎದ್ದು ನಿಂತು ದುರ್ಬೀನು ಹಿಡಿದರು.

"ನನ್ನೇಸಾಬ, ಅದೇನಪಾ ಕರ್ರಗ ಕಾಣ್ತದ?"

"ಕಂಬಳಿ ಸಾರ್. ಗಂಜಿ ಹಾಕಿ ಒಣಗಾಕ ಹಾಕ್ಯಾರ."

"ಬೆಂಕಿ ಅಲ್ಲ ಹೌದಲ್ಲೋ?"

"ಬೆಂಕಿ ಎಲ್ಲಿಂದ ಬರಬೇಕು ಸಾರ್, ನಾ ಇರೂತನಕ?"

ರಾಯರು ದುರ್ಬೀನನ್ನು ಅತ್ತಿತ್ತ ತಿರುಗಿಸಿದರು. ಮುಖದಲ್ಲಿ ನಿಧಾನವಾಗಿ ಮೆಚ್ಚುಗೆ ಮೂಡಿತು. "ಕುರುಗೋಡಿನ ಕಂಬಳಿ ಅಂದ್ರ ಕಂಬಳಿ ನೋಡು. ಹೋದ ವಾರ ಕ್ಯಾಂಪಿನಾಗ ಚಳಿಗೆ ಸತ್ತುಹೋದೆ. ಆ ನಡುವ ಅದ ನೋಡು, ಎಲ್ಲಾಕ್ಕಿಂತ ದೊಡ್ಡದು, ಮೂಲಿ ಸ್ವಲ್ಪ ಸೊಟ್ಟ ಅದ. ಅದೊಂದು ನನಗ ಬೇಕು. ಎಷ್ಟಾಗ್ತದ ಕೇಳಿ ತಗೊಂಡು ಬಾ. ಪುಕ್ಕಟೆ ಬ್ಯಾಡ."

ನನ್ನೇಸಾಬ ಗುಡ್ಡದತ್ತ ನೋಡಿದ. ರಾಯರು ಬೆರಳು ಮಾಡಿದ್ದು ಸುಟ್ಟ ನೆಲದ ಕಡೆಗೇ.

"ಅದು... ಅದು ಭಾಳ ದೊಡ್ಡದು ಸಾರ್."

"ದೊಡ್ಡದೇ ಬೇಕು. ಹಾಸಲಿಕ್ಕೂ ಆಗ್ತದ, ಹೊದಿಲಿಕ್ಕೂ ಆಗ್ತದ."

ಜೀಪು ಹೋಯಿತು. ಮುಂದಿನ ವಾರ ನನ್ನೇಸಾಬ ಓಣಿಯ ಅತಿ ದೊಡ್ಡ ಕಂಬಳಿಯನ್ನೇ ಹೆಗಲ ಮೇಲೆ ಹೊತ್ತು ಬಳ್ಳಾರಿಗೆ ಹೋದ. ರಾಯರು ಅದನ್ನು ಬಿಡಿಸಿ, ತಿರುಗಿಸಿ, ಮಂಚದ ಮೇಲೆ ಹಾಕಿ ನೋಡಿದರು. ಮಂಚದ ಕಾಲ್ದೆಸೆ ಬರಿದಾಗಿಯೇ ಉಳಿಯಿತು.

"ಇದೇ ಏನೋ ಅದು? ಗುಡ್ಡದ ಮ್ಯಾಲೆ ಭಾಳ ದೊಡ್ಡದು ಕಾಣ್ತಿತ್ತಲ್ಲ?"

"ಒಣಗಿದಮ್ಯಾಗ ಕುಗ್ಗೇತ್ರಿ ಸಾರ್," ಎಂದ ನನ್ನೇಸಾಬ. ಜೀವಮಾನದಲ್ಲೇ ಅಷ್ಟು ಮೆತ್ತಗೆ ಅವನು ಮಾತಾಡಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಸುಟ್ಟ ನೆಲದಲ್ಲಿ ಗಿಳಿಹಸುರು ಚಿಗುರು ಬಂತು, ಪಾರಮ್ಮನ ಕುರಿಗಳು ಮೈದುಂಬಿಕೊಂಡವು, ಊರಿಗೆ ಕಣ್ಣಿತ್ತು. ಎರ್ರಣ್ಣ ಬಂದ. ಎರ್ರಣ್ಣ ಊರ ಪಂಚಾಯತಿಯವನು, ಗುಡ್ಡದ ಬುಡದಲ್ಲಿ ಅವನ ಮೇವಿನ ಬಣವೆಗಳು ಸಾಲಾಗಿ ನಿಂತಿದ್ದವು. ಅವನು ಮಾತಾಡುವಾಗ ಮೊದಲು ಕೆಮ್ಮುತ್ತಿದ್ದ, ಆಮೇಲೆ ಬೆದರಿಸುತ್ತಿದ್ದ.

"ಏನ್ ಸಾಬಣ್ಣ, ಕುರುಬರ ಕಂಬಳಿಗೆ ಒಂದು ನ್ಯಾಯ, ನಮ್ಮ ದನಕ್ಕ ಒಂದು ನ್ಯಾಯ ಏನು? ನಾಳಿ ಮುಂಜಾನಿ ನಮ್ಮೋರೂ ಒಂದು ತುಂಡು ಸುಡತಾರ. ಇಬ್ಬನಿ ಇನ್ನೂ ಐತಿ."

"ಸುಟ್ಟು ನೋಡು! ನಿನ್ನನ್ನ ಬಳ್ಳಾರಿ ಜೈಲಿಗೆ ಹಾಕಸಲಿಲ್ಲಂದ್ರ ನಾ ನನ್ನೇಸಾಬ ಅಲ್ಲ!"

"ಹಾಕಸು. ಕೋರ್ಟಿನಾಗ ನಾ ಹೇಳ್ತೀನಿ, ಈ ಗುಡ್ಡದಾಗ ಬೆಂಕಿ ಬಿದ್ದಿದ್ದು ಇದು ಎರಡನೇ ಸಲ ಅಂತ."

ನನ್ನೇಸಾಬ ಎತ್ತಿದ ಕೈ ಇಳಿಸಿದ. ದೂರು ಕೊಟ್ಟರೆ ಮೊದಲು ಸುಡುವುದು ಅವನ ಸಿರುಗುಪ್ಪವೇ. ಆಮೇಲೆ ಓಣಿಗೊಬ್ಬರು ಬಂದರು, ತುಂಡಿಗೊಂದು ಜಗಳ ಆಯಿತು, ಬೆಳಗಿನ ಮಂಜಿನಲ್ಲಿ ಒಂದೊಂದೇ ಹೊಗೆ ಎದ್ದು ಕುಳಿತು ಹೋಯಿತು. ಸಂಕ್ರಾಂತಿ ದಾಟುವಷ್ಟರಲ್ಲಿ ಗುಡ್ಡ ತೇಪೆ ಹಾಕಿದ ಕೌದಿಯಂತಾಗಿತ್ತು. ರಾಯರು ಜೀಪಿನಲ್ಲಿ ಬಂದಾಗಲೆಲ್ಲ ಓಣಿಯ ಹೆಂಗಸರು ಕಂಬಳಿ ಹೊತ್ತು ಓಡುತ್ತಿದ್ದರು. "ಈ ವರ್ಷ ವ್ಯಾಪಾರ ಭಾರೀ ಅದ ಕಾಣ್ತದ," ಎಂದು ರಾಯರು ಹಿಗ್ಗುತ್ತಿದ್ದರು.

ಒಂದೇ ಒಂದು ಕಡೆ ಮಾತ್ರ ನನ್ನೇಸಾಬ ಯಾರ ಮಾತೂ ಕೇಳಲಿಲ್ಲ. ಅವನ ವಸತಿಯ ನೆತ್ತಿಯ ಮೇಲೆ, ಗುಡ್ಡದ ತುದಿಯಿಂದ ಬುಡದ ತನಕ ಇಳಿದುಬಂದ ಅಗಲವಾದ ಒಂದು ಇಳುಕಲು ಇತ್ತು. ಅದರ ಕರಡ ಯಾರೂ ಮುಟ್ಟದೆ, ಬೆಳೆದು, ಒಣಗಿ, ಬಂಗಾರದ ಬಣ್ಣ ತಿರುಗಿತ್ತು. ಪ್ರತಿ ಬೆಳಗ್ಗೆ ಅವನು ಅಲ್ಲಿ ದೊಣ್ಣೆ ಹಿಡಿದು ಕೂರುತ್ತಿದ್ದ.

"ಇದೊಂದು ಬಿಟ್ಟುಬಿಡ್ರೋ," ಎನ್ನುತ್ತಿದ್ದ. "ನಾ ಗಾರ್ಡು ಅನ್ನಾಕ ಒಂದಿಷ್ಟು ಹುಲ್ಲಾದರೂ ಇರಲಿ."

"ಅದನ್ನ ಮೊದಲು ಸುಡಬೇಕೋ ತಮ್ಮಾ, ಅದು ನೆಟ್ಟಗ ನಮ್ಮ ಓಣಿಗೆ ಇಳೀತೈತಿ," ಎಂದಳು ಪಾರಮ್ಮ ಒಮ್ಮೆ.

"ಹತ್ರ ಬಂದ್ರ ಕಾಲು ಮುರೀತೀನಿ."

ಅವನ ದೊಣ್ಣೆ ನೋಡಿ ಅವಳು ಗುಡ್ಡ ಇಳಿದಳು. ಇಬ್ಬನಿಯ ದಿನಗಳು ಮುಗಿದವು.

ಯುಗಾದಿ ಕಳೆದು ಬಿಸಿಲು ಏರಿತು. ನನ್ನೇಸಾಬ ಆಕಾಶ ನೋಡುತ್ತ, ಮುಂಗಾರಿಗೆ ಕಾಯುತ್ತ ಕುಳಿತ. ಕಚೇರಿಯಿಂದ ಸುದ್ದಿ ಬಂದಿತ್ತು. ಸಿರುಗುಪ್ಪದ ಗಾರ್ಡು ಪಿಂಚಣಿಗೆ ಹೋಗಿದ್ದರಿಂದ ರಾಯರು ಮುಂಗಾರಿಗೂ ಕಾಯದೆ ಸಿರುಗುಪ್ಪದ ವರ್ಗದ ಹುಕುಮನ್ನು ತಾವೇ ತಂದು ಅವನ ಕೈಗೆ ಕೊಡುವವರಿದ್ದರು. ಇಡೀ ರೇಂಜಿನಲ್ಲಿ ಕುರುಗೋಡಿನಷ್ಟು ತಂಪಾದ ಗುಡ್ಡ ಇನ್ನೊಂದಿಲ್ಲ ಎಂದು ಎಲ್ಲರೆದುರಿಗೆ ಹೊಗಳಿದ್ದರಂತೆ. ಅವನು ಪೆಟ್ಟಿಗೆ ಕಟ್ಟಿ ಇಟ್ಟ. ಹೊಸ ಲುಂಗಿ ಉಟ್ಟ. ಅಪರೂಪಕ್ಕೆ ಯಾರನ್ನೂ ಬೈಯಲಿಲ್ಲ.

ರಾಯರು ಬರುವ ದಿನವೇ, ಮಟಮಟ ಮಧ್ಯಾಹ್ನ, ಗುಡ್ಡದ ಆಚೆ ಬದಿಯಲ್ಲಿ ಅಡುಗೆ ಮಾಡಿಕೊಂಡ ಬಂಡಿಯವರು ಒಲೆ ಆರಿಸದೆ ಹೊರಟುಹೋದರು.

ಈ ಸಲ ಎದ್ದದ್ದು ಬಿಳಿ ಹೊಗೆಯಲ್ಲ. ಕರಿ ಹೊಗೆ, ಅದರ ಹೊಟ್ಟೆಯಲ್ಲಿ ಕೆಂಪು. ಗುಡ್ಡದ ನೆತ್ತಿ ದಾಟಿ ಬೆಂಕಿ ಈಚೆಗೆ ಇಳಿಯಿತು. ಊರಿಗೆ ಊರೇ ಬುಡದಲ್ಲಿ ನಿಂತು ನೋಡಿತು. ಬೆಂಕಿ ಪಾರಮ್ಮನ ತುಂಡಿಗೆ ಬಂತು. ಅಲ್ಲಿ ಕುರಿ ಮೇಯ್ದು ಬಿಟ್ಟ ಬೋಳು ನೆಲ, ತಿನ್ನಲು ಏನೂ ಇಲ್ಲ, ಆರಿತು. ಎರ್ರಣ್ಣನ ತುಂಡಿಗೆ ಬಂತು, ಅಲ್ಲೂ ಆರಿತು. ಜನ ಕೇಕೆ ಹಾಕಿದರು. ಎಡಕ್ಕೂ ದಾರಿ ಇಲ್ಲದೆ, ಬಲಕ್ಕೂ ದಾರಿ ಇಲ್ಲದೆ ಬೆಂಕಿ ಮೇಲೆಯೇ ತಡಕಾಡಿತು. ಆಮೇಲೆ ಅದಕ್ಕೆ ದಾರಿ ಸಿಕ್ಕಿತು.

ನನ್ನೇಸಾಬ ದೊಣ್ಣೆ ಹಿಡಿದು ಕಾಯ್ದ ಇಳುಕಲು.

ಕೇಕೆ ನಿಂತುಹೋಯಿತು. ಆ ಇಳುಕಲಿನ ಬುಡದಲ್ಲಿ ಎರ್ರಣ್ಣನ ಬಣವೆಗಳು. ಬಣವೆಗಳಿಗೆ ತಾಗಿ ಮಗ್ಗದ ಓಣಿ, ಎಲ್ಲವೂ ಹುಲ್ಲಿನ ಮಾಡು. ಗಾಳಿ ಗುಡ್ಡದಿಂದ ಊರ ಕಡೆಗೇ ಬೀಸುತ್ತಿತ್ತು.

"ನಿನ್ನ ಹುಲ್ಲೋ ಸಾಬಣ್ಣ!" ಎರ್ರಣ್ಣ ಕೆಮ್ಮುವುದನ್ನೂ ಮರೆತು ಕಿರುಚಿದ. "ನೀ ಸಾಕಿದ ಹುಲ್ಲು!"

"ಗೊತ್ತೈತಿ, ಬಾಯಿ ಮುಚ್ಚು! ನೀರು ತರ್ರಿ!"

"ಯಾವ ಬಾವ್ಯಾಗಿನ ನೀರು? ಬಾವ್ಯಾಗ ಕಪ್ಪಿ ಕುಣೀತಾವ!"

"ನೀರು ಸಾಲಂಗಿಲ್ಲ," ಎಂದಳು ಪಾರಮ್ಮ. "ಕೆಳಗಿಂದ ನಾವ ಹಚ್ಚಬೇಕು. ಇದು ಮ್ಯಾಲಕ ಉರಕೋತ ಹೋದ್ರ ಅದಕ್ಕ ಬರಾಕ ಹುಲ್ಲು ಇರಂಗಿಲ್ಲ."

"ಬಣವಿ ಮಗ್ಗಲದಾಗ ಬೆಂಕಿ ಹಚ್ಚತೀಯೇನು? ತಲಿ ಕೆಟ್ಟೈತೇನು?" ಎರ್ರಣ್ಣ ಅಡ್ಡ ಬಂದ. "ನಡುವ ಹಚ್ಚಬೇಕು!"

"ನಡುವ ಹೋಗಿ ಹಚ್ಚಾಕ ನೀ ಹೋಗ್ತಿಯೇನು?"

"ನಾ ಯಾಕ ಹೋಗಲಿ? ಗಾರ್ಡು ಯಾಕ ಅದಾನ?"

ನಡುವೆ ಹಚ್ಚಬೇಕೋ ಬುಡದಲ್ಲಿ ಹಚ್ಚಬೇಕೋ ಎಂದು ಊರು ಎರಡು ಭಾಗವಾಗಿ ಜಗಳಕ್ಕೆ ನಿಂತಿತು. ಒಬ್ಬ ಇನ್ನೊಬ್ಬನ ರುಮಾಲು ಹಿಡಿದದ್ದೂ ಆಯಿತು. ಬೆಂಕಿ ಮಾತ್ರ ಯಾರ ತೀರ್ಮಾನಕ್ಕೂ ಕಾಯದೆ ಇಳಿಯುತ್ತಿತ್ತು.

ನನ್ನೇಸಾಬ ಕೋಟಿನ ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದ. ಆಗಲೇ ರಸ್ತೆಯ ಕಡೆಯಿಂದ ಧೂಳೆದ್ದಿತು. ಯುದ್ಧದ ಸದ್ದಿನ ಜೀಪು.

ಅವನ ಕೈ ಅಲ್ಲೇ ನಿಂತಿತು. ಬೆಂಕಿ ತಾನಾಗಿ ಬಂದರೆ ಬಂಡಿಯವರ ಮೇಲೆ ಹಾಕಬಹುದು, ಹಣೆಬರಹದ ಮೇಲೆ ಹಾಕಬಹುದು. ರಿಜರ್ವಿಗೆ ಗಾರ್ಡೇ ಕಡ್ಡಿ ಗೀರಿದ್ದನ್ನು ರೇಂಜರೇ ಕಣ್ಣಾರೆ ಕಂಡರೆ ಯಾರ ಮೇಲೂ ಹಾಕಲು ಬರುವುದಿಲ್ಲ.

"ಪಾರಕ್ಕ, ಆ ಜೀಪಿನಾಗ ನನ್ನ ಸಿರುಗುಪ್ಪ ಬರಾಕತ್ತೈತಿ," ಎಂದ. ಕೂಗಿ ಹೇಳಲಿಲ್ಲ.

ಪಾರಮ್ಮ ಜೀಪಿನ ಕಡೆ ನೋಡಲಿಲ್ಲ. "ಇಲ್ಲಿ ನಮ್ಮ ಓಣಿ ಹೊಂಟೈತಲ್ಲೋ ತಮ್ಮಾ," ಎಂದಳು.

ನನ್ನೇಸಾಬನಿಗೆ ಎಂಥ ಸಿಟ್ಟು ಬಂತೆಂದರೆ, ಅಂಥದ್ದು ಅದಕ್ಕಿಂತ ಮೊದಲು ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಬಂಡಿಯವರ ಮೇಲೆ, ಗಾಳಿಯ ಮೇಲೆ, ಬಂಗಾರದ ಬಣ್ಣದ ಆ ಹುಲ್ಲಿನ ಮೇಲೆ, ಅದನ್ನು ಕಾದ ತನ್ನ ಮೇಲೆ. ಆ ಸಿಟ್ಟಿನಲ್ಲೇ ಕಡ್ಡಿ ಗೀರಿದ.

"ತೊಪ್ಪಲ ಮುರಕೊಳ್ರೋ! ಬೇವಿನ ತೊಪ್ಪಲ! ಬಣವಿ ಕಡಿ ಒಂದು ಕಿಡಿ ಬಂದ್ರ ಬಡದು ಕೊಲ್ರಿ! ಎರ್ರಣ್ಣ, ಆಮ್ಯಾಗ ಕೆಮ್ಮು, ಈಗ ಬಡಿ!"

ಅವನು ಒಣಹುಲ್ಲಿನ ಸಿವುಡಿಗೆ ಬೆಂಕಿ ಹಿಡಿಸಿ ಇಳುಕಲಿನ ಬುಡದುದ್ದಕ್ಕೂ ಎಳೆಯುತ್ತ ಓಡಿದ. ಜನ ಅವನ ಹಿಂದೆ ಸಾಲುಗಟ್ಟಿ ಈಚೆಗೆ ಹಾರುವ ಕಿಡಿಗಳನ್ನು ಬಡಿಯುತ್ತ ಬಂದರು. ಜೀಪು ಬಂದು ನಿಂತದ್ದು ಸರಿಯಾಗಿ ಆ ಸಾಲಿನ ನಡುವೆ.

ವೆಂಕೋಬರಾಯರ ಕೈಯಲ್ಲಿ ಹುಕುಮು ಇತ್ತು, ಅದನ್ನು ಬೀಸುತ್ತಲೇ ಕೂಗಿದರು.

"ನನ್ನೇಸಾಬ! ಏನು ಮಾಡ್ಲಿಕ್ಕತ್ತೀಯೋ? ರಿಜರ್ವಿಗೆ ಬೆಂಕಿ ಹಚ್ಚಲಿಕ್ಕತ್ತೀಯೇನೋ? ನನ್ನ ಕಣ್ಣೆದುರಿಗೆ!"

"ಹೌದು ಸಾರ್! ಬಯ್ಯೂದು ಆಮ್ಯಾಗ ಬಯ್ರಿ. ಈಗ ಕೆಳಗ ಇಳದು ಇದನ್ನ ಹಿಡ್ಕೊಂಡು ಬಡೀರಿ!" ಎಂದು ನನ್ನೇಸಾಬ ಒಂದು ಬೇವಿನ ಟೊಂಗೆಯನ್ನು ರಾಯರ ಎದೆಗೆ ಒತ್ತಿ, ಮುಂದಕ್ಕೆ ಓಡಿಯೇಬಿಟ್ಟ.

ರಾಯರು ಟೊಂಗೆಯನ್ನು ನೋಡಿದರು. ಜೀಪಿನ ಚಕ್ರದ ಹತ್ತಿರ ಒಂದು ಕಿಡಿ ಬಿದ್ದು ಹುಲ್ಲು ಹೊತ್ತಿಕೊಂಡಿತು. ಅವರು ಇಳಿದರು. ಬಡಿದರು. ಒಮ್ಮೆ ಬಡಿಯಲು ಶುರು ಮಾಡಿದ ಮೇಲೆ ಅವರಿಗೆ ಅದು ಹಿಡಿಸಿದಂತೆ ಕಂಡಿತು. ಕಚ್ಚೆ ಬಿಗಿದು, ಕನ್ನಡಕ ಜೇಬಿಗಿಟ್ಟು, ಕಂಡಕಂಡಲ್ಲಿ ಬಡಿದರು. ಎರ್ರಣ್ಣನ ಮೊಣಕಾಲಿಗೂ ಎರಡು ಏಟು ಬಿದ್ದವು. ಇಬ್ಬರೂ ಅದನ್ನು ಆಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟರು.

ಕೆಳಗಿನ ಬೆಂಕಿ ಹುಲ್ಲು ತಿನ್ನುತ್ತ ಮೇಲಕ್ಕೆ ಹೋಯಿತು. ಮೇಲಿನ ಬೆಂಕಿ ಕೆಳಕ್ಕೆ ಬಂತು. ಎರಡೂ ಒಂದನ್ನೊಂದು ಸೇರಿ ಒಮ್ಮೆ ತೆಂಗಿನ ಮರದೆತ್ತರ ಎದ್ದವು. ಆಮೇಲೆ ಎರಡಕ್ಕೂ ಊಟವಿಲ್ಲದೆ ಅಲ್ಲೇ ಸತ್ತವು.

ಬಣವೆಗಳು ನಿಂತಲ್ಲೇ ಇದ್ದವು. ಓಣಿಯೂ ಇತ್ತು. ಒಂದು ಮಗ್ಗದ ಮನೆಯ ಬಾಗಿಲ ತೋರಣ ಮಾತ್ರ ಸುಟ್ಟಿತ್ತು.

ಹೊತ್ತು ಇಳಿದ ಮೇಲೆ ರಾಯರು ಯಾರಿಗೂ ಹೇಳದೆ ಗುಡ್ಡ ಹತ್ತತೊಡಗಿದರು. ಅವರು ಈ ಕೆಲಸಕ್ಕೆ ಸೇರಿದ ಮೇಲೆ ಕುರುಗೋಡಿನ ಗುಡ್ಡ ಹತ್ತಿದ್ದು ಅದೇ ಮೊದಲು. ನನ್ನೇಸಾಬ ಹಿಂದೆ ಹೋದ. ಅಲ್ಲಲ್ಲಿ ನಿಂತು, ಉಸಿರು ತಂದುಕೊಂಡು, ರಾಯರು ಪಾರಮ್ಮನ ತುಂಡಿಗೆ ಬಂದರು. ಬಗ್ಗಿ ನೆಲ ಮುಟ್ಟಿದರು. ಬೆರಳಿಗೆ ಹಳೆಯ ಮಸಿ ಹತ್ತಿತು.

"ಇದು ಆ ಮೂಲಿ ಸೊಟ್ಟ ಕಂಬಳಿ ಅಲ್ಲೇನೋ?"

ನನ್ನೇಸಾಬ ಹೌದೆಂದು ತಲೆಯಾಡಿಸಿದ.

"ಕುಗ್ಗೇತಿ ಅಂದೆಲ್ಲೋ!"

"ಅಂದೆ ಸಾರ್. ಮತ್ತೇನು ಅನ್ನಲಿ?" ಅವನ ತಾಳ್ಮೆ ಅಲ್ಲಿಗೆ ಮುಗಿಯಿತು. "ಬೆಂಕಿ ಬಿತ್ತು ಅಂದವಗ ಶಿಕ್ಷಾ, ಬಿದ್ದಿಲ್ಲ ಅಂದವಗ ಕೇಳಿದ ಊರು. ಹಿಂಗ ಮಾಡಿದ್ರ ಯಾವನು ಖರೇ ಹೇಳ್ತಾನ್ರಿ? ನಿಮ್ಮ ರೇಂಜಿನಾಗ ಎಷ್ಟು ಗುಡ್ಡ ಅದಾವ, ಎಲ್ಲಾ ಹತ್ತಿ ನೋಡ್ರಿ, ಎಲ್ಲಾ ಕಡೀಗೂ ಕಂಬಳಿ ಹಾಸ್ಯಾರ! ಬೆಂಕಿ ಬ್ಯಾಡ ಬ್ಯಾಡ ಅಂತ ಹುಲ್ಲು ಕೂಡಿ ಹಾಕಿದ್ವಿ. ಊರಾಗ ಮಂದಿ ಮ್ಯಾವಿಲ್ಲದ ಸಾಯಾಕತ್ಯಾರ, ಗುಡ್ಡದಾಗ ಮ್ಯಾವು ಬೆಂಕಿಗೆ ಕಾಯಾಕತ್ತೈತಿ. ಅವರಿಗೆ ಕೊಯ್ಕೊಳ್ಳಾಕ ಬಿಡ್ರಿ. ಉಳಿದಿದ್ದನ್ನ ಇಬ್ಬನ್ಯಾಗ ಎಲ್ಲಾರ ಎದುರಿಗೆ ಸುಡೂಣು. ಕಳ್ಳರ ಗತೆ ಯಾಕ ಸುಡಬೇಕು? ಇವರು ಕದ್ದು ಸುಟ್ಟ ಜಾಗ ಉಳೀತು, ನಾ ನಿಯತ್ತಿಲೆ ಕಾದ ಜಾಗ ಊರು ನುಂಗಾಕ ಬಂತು! ಈಗ ಹರೀರಿ ನನ್ನ ಹುಕುಮು, ಹರದು ಹಾಕ್ರಿ!"

ರಾಯರು ಬಂಡೆಯ ಮೇಲೆ ಕುಳಿತು ಬೂಟು ಬಿಚ್ಚಿದರು. ಕಾಲು ಊದಿಕೊಂಡಿತ್ತು. ಕೆಳಗಿನ ಓಣಿಯ ಕಡೆ ನೋಡಿದರು.

"ಒಂದು ಮಾತು ಹೇಳ್ತೀನಿ, ಯಾರ ಮುಂದೂ ಹೇಳಬ್ಯಾಡ," ಎಂದರು. "ಹೋದ ತಿಂಗಳು ನನ್ನ ಮೇಲಿನ ಸಾಹೇಬರು ಬಂದಿದ್ರು. ಅವರಿಗೂ ದುರ್ಬೀನು ಕೊಟ್ಟು ತೋರಿಸಿದೆ."

"ಏನಂತ ಸಾರ್?"

"ಕಂಬಳಿ ಅಂತ."

ನನ್ನೇಸಾಬ ಅವರ ಮುಖ ನೋಡಿದ. ರಾಯರ ಮೂಗಿನ ತುದಿಯಿಂದ ಹಣೆಯ ತನಕ ಮಸಿ. ಅವರು ನಗಬಾರದೆಂದು ಹೆಣಗುತ್ತಿದ್ದರು. ಅವನಿಗೆ ನಗು ಮೊದಲು ಬಂತು.

ಬಳ್ಳಾರಿಗೆ ಹೋದ ಮೇಲೆ ರಾಯರು ನಡೆದದ್ದನ್ನೆಲ್ಲ ಮೇಲಿನವರಿಗೆ ಹೇಳಿದರು. ಕಂಬಳಿಯ ವಿಷಯವನ್ನೂ ಬಿಡಲಿಲ್ಲ. ಬೈಗುಳ ತಿಂದರು. ಆದರೆ ಆ ಬೇಸಿಗೆ ಸುತ್ತಲಿನ 'ಒಂದು ಕಿಡಿಯೂ ಇಲ್ಲದ' ಗುಡ್ಡಗಳೆಲ್ಲ ಒಂದಾದ ಮೇಲೊಂದು ಬುಡದಿಂದ ತುದಿಯ ತನಕ ಸುಟ್ಟುಹೋಗಿ, ಕುರುಗೋಡಿನದು ಅರ್ಧ ಉಳಿದಿತ್ತು. ಅದನ್ನು ನೋಡಲು ದುರ್ಬೀನು ಬೇಕಾಗಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಒಪ್ಪಿಗೆ ಬಂತು. ಕುರುಗೋಡಿನ ಗುಡ್ಡದಲ್ಲಿ ಊರವರು ಕರಡ ಕೊಯ್ದುಕೊಳ್ಳಬಹುದು. ಇಬ್ಬನಿಯ ದಿನಗಳಲ್ಲಿ ಗಾರ್ಡಿನ ಎದುರಿಗೆ ತುಂಡು ತುಂಡಾಗಿ ಸುಡಬಹುದು. ಸುಡಲು ಕೈಜೋಡಿಸಿದವರ ದನಕುರಿ ಚಿಗುರು ಮೇಯಬಹುದು. ಚೆನ್ನಾಗಿ ನಡೆದರೆ ಬೇರೆ ಗುಡ್ಡಗಳಿಗೂ ಇದೇ ಪದ್ಧತಿ.

ಕೊನೆಯಲ್ಲಿ ಇನ್ನೊಂದು ಮಾತಿತ್ತು. ಈ ಕೆಲಸ ಬಲ್ಲ ಗಾರ್ಡು ಸದ್ಯಕ್ಕೆ ಒಬ್ಬನೇ ಆದ್ದರಿಂದ, ಪದ್ಧತಿ ಬೇರೂರುವ ತನಕ ಅವನನ್ನು ಕುರುಗೋಡಿನಿಂದ ಯಾವ ಕಾರಣಕ್ಕೂ ಕದಲಿಸಬಾರದು.

ಸಿರುಗುಪ್ಪದ ಜಾಗ ಕರೂರಿನ ಕಡೆಯ ಗಾರ್ಡು ದುರುಗಪ್ಪನಿಗೆ ಹೋಯಿತು. ಅವನು ಕರೂರಿನಲ್ಲಿ ಕಾಯುತ್ತಿದ್ದುದು ಹೊಳೆಯ ಮರಳು, ಅದರ ಅಂಚಿಗೆ ನಾಲ್ಕು ಜಾಲಿ ಗಿಡ. ಅಲ್ಲಿ ಸೀಮೆಎಣ್ಣೆ ಸುರಿದು ಹಚ್ಚಿದರೂ ಬೆಂಕಿ ಹತ್ತುತ್ತಿರಲಿಲ್ಲ.

ಇದನ್ನು ಸುಗ್ರಾಬಿಗೆ ಹೇಗೆ ಹೇಳುವುದೆಂದು ನನ್ನೇಸಾಬ ಬಸ್ಸಿನ ದಾರಿಯುದ್ದಕ್ಕೂ ಯೋಚಿಸಿದ. ಅವಳು ಮೀನು ಹುರಿಯುತ್ತಿದ್ದಳು. ಅವನು ಬಾಗಿಲ ಬಳಿಯೇ ಕುಳಿತು, ಗೋಡೆಗೆ ಹೇಳುವಂತೆ ಎಲ್ಲವನ್ನೂ ಹೇಳಿದ.

ಸುಗ್ರಾಬಿ ಮೀನು ಮಗುಚಿದಳು. "ಬೆಂಕಿ ಹಚ್ಚಿದ್ದಕ್ಕ ಸರಕಾರ ನಿಮ್ಮನ್ನ ಇಟಗೊಂಡೈತಿ ಅಂತೀರಿ?"

"ಹೂಂ."

"ಬ್ಯಾರೆ ಯಾರಿಗೂ ಅದು ಬರಂಗಿಲ್ಲಂತ?"

"ಬರಂಗಿಲ್ಲಂತ."

"ನಮ್ಮ ಮನ್ಯಾಗ ಒಂದು ದಿನಾ ನೆಟ್ಟಗ ಒಲಿ ಹಚ್ಚೀರೇನು ನೀವು?"

ಅವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸುಗ್ರಾಬಿ ಬಾಣಲೆ ಇಳಿಸಿದಳು, ತಟ್ಟೆಗೆ ಹಾಕಿ ಅವನ ಮುಂದೆ ಇಟ್ಟಳು, ಎದುರಿಗೆ ಕುಳಿತಳು.

"ನೀವು ಬರ್ತೀರಿ ಬರ್ತೀರಿ ಅಂತ ಎಷ್ಟು ವರ್ಷ ದಾರಿ ಕಾಯಲಿ? ಇನ್ನು ನೀವು ಬರಂಗಿಲ್ಲ ಅಂತ ಬರೇ ಸರಕಾರಕ್ಕಲ್ಲ, ನನಗೂ ಗೊತ್ತಾತು. ಆತು ಬಿಡ್ರಿ, ನಾನ ಬರ್ತೀನಿ. ಆದರ ಎಮ್ಮಿ ಬಿಟ್ಟು ಬರಂಗಿಲ್ಲ."

"ಎಮ್ಮಿ ಬಸ್ಸಿನಾಗ ಹತ್ತಸಾಕ ಬಿಡ್ತಾರೇನು?"

"ಯಾರು ಹತ್ತಸು ಅಂದ್ರು? ನಾ ಬಸ್ಸಿಗೆ ಬರ್ತೀನಿ. ನೀವು ಎಮ್ಮಿ ಹೊಡಕೊಂಡು ಬರ್ರಿ."

ಮರುದಿನ ಬೆಳಗ್ಗೆ ಖಾಕಿ ಕೋಟು ತೊಟ್ಟ ನನ್ನೇಸಾಬ ಎಮ್ಮೆಯ ಹಗ್ಗ ಹಿಡಿದು ಸಿರುಗುಪ್ಪದಿಂದ ಹೊರಟ. ಎಮ್ಮೆಗೆ ಊರು ಬಿಡಲು ಮನಸ್ಸಿರಲಿಲ್ಲ. ಕಂಡ ಕಾಲುವೆಯಲ್ಲೆಲ್ಲ ಮಲಗಿತು. ಅವನು ಬೈದ, ಅದು ಕಿವಿಯಾಡಿಸಿತು. ಸುಗ್ರಾಬಿ ಕುಳಿತಿದ್ದ ಬಸ್ಸು ಧೂಳೆಬ್ಬಿಸುತ್ತ ಮುಂದೆ ಹೋಯಿತು. ಕಿಟಕಿಯಿಂದ ಅವಳು ಎಮ್ಮೆಯನ್ನು ಮಾತ್ರ ನೋಡಿದಳು.

ಸಿರಿಗೇರಿಯ ಹತ್ತಿರ ಹೊಲದಲ್ಲಿದ್ದ ಪರಿಚಯದವನೊಬ್ಬ ಬದುವಿನ ಮೇಲೆ ಬಂದು ನಿಂತು ಕೂಗಿದ.

"ಏನ್ ಸಾಬ್ರ, ಕಡೀಗೂ ಆತೇನ್ರಿ ಟ್ರಾನ್ಸಫರು?"

"ಆತಪ್ಪ!"

"ಮತ್ತ ಸಿರುಗುಪ್ಪ ಬಿಟ್ಟು ಈ ಕಡಿ ಹೊಂಟೀರಿ? ಯಾರಿಗೆ ಆತು?"

ನನ್ನೇಸಾಬ ನಿಂತು, ಬೆವರು ಒರೆಸಿಕೊಂಡು, ಎಮ್ಮೆಯ ಕಡೆ ಕೈ ಮಾಡಿದ.

"ಇದಕ್ಕ!"